ಪರದೆಯ ಮೇಲಿನ ಹ್ಯಾಕರ್ ಹುಡುಗರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಹದಿಹರೆಯದ ಹ್ಯಾಕರ್‌ಗಳ ಸಿನಿಮಾ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದಕ್ಕೆ ಕೊಡಗಿನಿಂದ ಕಟ್ಟುಗಟ್ಟಲೆ ಪತ್ರ ಬಂದಿವೆ. ಮಳೆಗಾಲದಲ್ಲಿ ಮನೆಯೊಳಗೆ ಕೂತವರಿಗೆ ಸಿನಿಮಾ ನೋಡಲು ಪುರುಸೊತ್ತು ಸಿಕ್ಕಿರಬೇಕು, ಕರೆಂಟ್ ಇದ್ದಷ್ಟು ಹೊತ್ತಾದರೂ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ‘ವಾರ್ ಗೇಮ್ಸ್’ ಚಿತ್ರದ ಹುಡುಗ ಮನೆಯಿಂದಲೇ ಒಂದು ಊರಿನ ಫೋನ್ ನಂಬರುಗಳಿಗೆಲ್ಲ ಕರೆ ಮಾಡಿ ಕಂಪ್ಯೂಟರ್ ಹುಡುಕುತ್ತಾನೆ. ಇದು ಸಾಧ್ಯವಿತ್ತೇ? ಕೊನೆಯಲ್ಲಿ ಸೇನೆಯ ಯಂತ್ರ ಕ್ಷಿಪಣಿ ಹಾರಿಸುವ ಸಂಕೇತವನ್ನು ಒಂದೊಂದೇ ಅಕ್ಷರವಾಗಿ ಬಿಡಿಸುತ್ತದಲ್ಲ, ಅದು? (ಪಿಯುಸಿ ವಿದ್ಯಾರ್ಥಿ, ಮಡಿಕೇರಿ)

ಮೊದಲನೆಯದು ಸಾಧ್ಯವಿತ್ತು. 1983ರಲ್ಲಿ ಬಂದ, ಜಾನ್ ಬ್ಯಾಡಮ್ ನಿರ್ದೇಶನದ ಈ ಚಿತ್ರದಿಂದಲೇ ಆ ಕೆಲಸಕ್ಕೆ ‘ವಾರ್ ಡಯಲಿಂಗ್’ ಎಂಬ ಹೆಸರು ಬಂತು. ಲೆಕ್ಕ ಹಾಕಿ ನೋಡಿ. ಎಕ್ಸ್‌ಚೇಂಜಿನ ಮೊದಲ ಅಂಕಿಗಳು ಗೊತ್ತಿದ್ದರೆ ಉಳಿಯುವುದು ನಾಲ್ಕು ಅಂಕಿ, ಅಂದರೆ 10,000 ನಂಬರು. ರಿಂಗಾಗಿ, ಆ ಕಡೆ ಮೋಡೆಮ್ (ಫೋನ್ ತಂತಿಯಲ್ಲಿ ಕಂಪ್ಯೂಟರ್‌ಗಳನ್ನು ಮಾತಾಡಿಸುವ ಪೆಟ್ಟಿಗೆ) ಕಿರುಚುತ್ತದೋ ಮನುಷ್ಯ ಮಾತಾಡುತ್ತಾನೋ ತಿಳಿದು, ಕರೆ ಕಡಿಯಲು 35 ಸೆಕೆಂಡ್ ಎಂದುಕೊಂಡರೆ ಒಟ್ಟು 97 ಗಂಟೆ, ನಾಲ್ಕು ದಿನ. ಹುಡುಗ ಶಾಲೆಗೆ ಹೋಗಿ ಬಂದು ಉಂಡು ಮಲಗಿದರೂ ಯಂತ್ರ ತನ್ನ ಪಾಡಿಗೆ ಕರೆ ಮಾಡುತ್ತಲೇ ಇರುತ್ತದೆ. ಅದೇ ಹೊತ್ತಿನಲ್ಲಿ ನಮ್ಮಲ್ಲಿ ಟ್ರಂಕ್ ಕಾಲ್ ಬುಕ್ ಮಾಡಿ ಕಾಯುತ್ತಿದ್ದರು ಎಂಬುದನ್ನೂ ನೆನಪಿಡಿ.

ಆದರೆ ಆ ದೃಶ್ಯದಲ್ಲಿ ಒಂದು ಎಡವಟ್ಟಿದೆ. ಹುಡುಗ ಫೋನಿನ ರಿಸೀವರನ್ನು ಎರಡು ರಬ್ಬರ್ ಬಟ್ಟಲುಗಳ ಮೇಲೆ ಮಲಗಿಸುತ್ತಾನೆ. ಈ ಕಪ್ಲರ್ ದನಿ ಕೇಳಬಲ್ಲದು, ದನಿ ಹೊರಡಿಸಬಲ್ಲದು, ಅಷ್ಟೇ. ನಂಬರು ಒತ್ತಲು, ಫೋನ್ ಇಡಲು ಅದಕ್ಕೆ ಬರುವುದಿಲ್ಲ. ಅದಕ್ಕೆ ಫೋನಿನ ತಂತಿಗೇ ನೇರ ಜೋಡಿಸುವ ಮೋಡೆಮ್ ಬೇಕು. ಬಟ್ಟಲಿನ ಮೇಲೆ ಮಲಗಿದ ರಿಸೀವರ್ ನೋಡಲು ಚೆಂದ, ಅದಕ್ಕೇ ಇಟ್ಟುಕೊಂಡಿದ್ದಾರೆ. ವೇಗವೂ ಸುಳ್ಳು: ಸೆಕೆಂಡಿಗೆ 300 ಬಿಟ್ ಎಂದರೆ ಸುಮಾರು 30 ಅಕ್ಷರ. 80 ಅಕ್ಷರದ 24 ಸಾಲು ತುಂಬಲು 64 ಸೆಕೆಂಡ್ ಬೇಕು. ಅಷ್ಟು ಹೊತ್ತು ಯಾವ ಪ್ರೇಕ್ಷಕ ಕಾಯುತ್ತಾನೆ?

ಇನ್ನು ಸಂಕೇತ. ಹತ್ತು ಸ್ಥಾನ, ಒಂದೊಂದರಲ್ಲೂ 26 ಅಕ್ಷರ, 10 ಅಂಕಿಗಳಲ್ಲಿ ಯಾವುದಾದರೂ ಇರಬಹುದು ಎಂದರೆ ಒಟ್ಟು ಸಾಧ್ಯತೆ ಸುಮಾರು 36 ಕೋಟಿ ಕೋಟಿ. ಆದರೆ ಬೀಗವೇ ‘ಮೊದಲನೆಯದು ಸರಿ, ಮುಂದೆ ಹೋಗು’ ಎಂದು ಹೇಳಿಬಿಟ್ಟರೆ ಹೆಚ್ಚೆಂದರೆ 360 ಪ್ರಯತ್ನ ಸಾಕು. ಅದಕ್ಕಾಗಿಯೇ ಸರಿಯಾಗಿ ಕಟ್ಟಿದ ಯಾವ ವ್ಯವಸ್ಥೆಯೂ ಅರ್ಧ ಸರಿ ಎನ್ನುವುದಿಲ್ಲ. ಪೂರ್ತಿ ಸರಿ ಅಥವಾ ಪೂರ್ತಿ ತಪ್ಪು. ಇದು ಶುದ್ಧ ಸಿನಿಮಾ.

ಇಡೀ ಚಿತ್ರದಲ್ಲಿ ಅತಿ ನಿಜವಾದ ಹ್ಯಾಕಿಂಗ್ ಯಾವುದು ಗೊತ್ತೇ? ಹುಡುಗ ತಲೆಹರಟೆ ಮಾಡಿ ಪ್ರಿನ್ಸಿಪಾಲರ ಕಚೇರಿಗೆ ಕಳಿಸಿಕೊಳ್ಳುತ್ತಾನೆ. ಅಲ್ಲಿ ಮೇಜಿನ ಬಳಿ ಪಾಸ್‌ವರ್ಡ್‌ಗಳ ಚೀಟಿ ಇದೆ. ಹಳೆಯವುಗಳ ಮೇಲೆ ಗೀಟು, ಕೊನೆಯದು ‘ಪೆನ್ಸಿಲ್’. ಆಗಾಗ ಪಾಸ್‌ವರ್ಡ್ ಬದಲಿಸಬೇಕೆಂಬ ನಿಯಮ ಇದ್ದದ್ದರಿಂದಲೇ ಚೀಟಿ ಬರೆದಿಡಬೇಕಾಯಿತು. ನಿಮ್ಮ ಕಾಲೇಜಿನ ಆಫೀಸಿನಲ್ಲಿ ಮಾನಿಟರ್ ಅಂಚಿಗೆ ಅಂಥ ಚೀಟಿ ಅಂಟಿಸಿದ್ದು ಕಂಡರೆ ಓದಬೇಡಿ, ತೆಗೆಯಲು ಹೇಳಿ.

ಪ್ರಶ್ನೆ: ಈ ಸಿನಿಮಾ ನೋಡಿಯೇ ಅಮೆರಿಕದವರು ಕಾನೂನು ಮಾಡಿದರಂತೆ. ಹೌದೇ? (ವಿರಾಜಪೇಟೆ)

ಬಹುಪಾಲು ಹೌದು. ಅಧ್ಯಕ್ಷ ರೇಗನ್ 1983ರ ಜೂನ್ 4ರಂದು ಕ್ಯಾಂಪ್ ಡೇವಿಡ್‌ನಲ್ಲಿ ಚಿತ್ರ ನೋಡಿ, ಇದು ಆಗುವಂಥದ್ದೇ ಎಂದು ಸೇನಾಪಡೆಗಳ ಮುಖ್ಯಸ್ಥರ ಜಂಟಿ ಸಮಿತಿಯ ಅಧ್ಯಕ್ಷ ಜಾನ್ ವೆಸ್ಸಿಯವರನ್ನು ಕೇಳಿದರು. ಸರ್ಕಾರಿ ಕಂಪ್ಯೂಟರ್‌ಗಳ ಭದ್ರತೆ ಕುರಿತ ಅಧ್ಯಕ್ಷೀಯ ನಿರ್ದೇಶನ 1984ರ ಸೆಪ್ಟೆಂಬರಿನಲ್ಲಿ ಹೊರಬಿತ್ತು. ನಡುವೆ ಮಿಲ್ವಾಕಿಯ ‘414’ ಎಂಬ ಹುಡುಗರ ಗುಂಪು ಲಾಸ್ ಅಲಾಮೋಸ್ ಪ್ರಯೋಗಾಲಯದ, ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯ ಕಂಪ್ಯೂಟರ್‌ಗಳಿಗೆ ನುಗ್ಗಿ ಸಿಕ್ಕಿಬಿದ್ದಿತ್ತು. 414 ಅವರೂರಿನ ಫೋನ್ ಕೋಡ್. ಕಂಪನಿ ಕೊಟ್ಟ ಪಾಸ್‌ವರ್ಡನ್ನು ಎಷ್ಟೋ ಕಡೆ ಯಾರೂ ಬದಲಿಸಿರಲಿಲ್ಲ, ಅದೇ ಅವರ ಕೀಲಿಕೈ. 1986ರಲ್ಲಿ ಕಂಪ್ಯೂಟರ್ ವಂಚನೆ ಕಾಯ್ದೆ ಬಂತು. ಅದರಡಿ ಮೊದಲು ಹೆಸರಾದ ಶಿಕ್ಷೆ ರಾಬರ್ಟ್ ಮಾರಿಸ್‌ನದು. 1988ರ ನವೆಂಬರ್ 2ರಂದು ಅವನು ಬಿಟ್ಟ ಹುಳು (ಯಂತ್ರದಿಂದ ಯಂತ್ರಕ್ಕೆ ತಾನಾಗಿ ಹರಡುವ ಪ್ರೋಗ್ರಾಂ) ಇಂಟರ್ನೆಟ್‌ನ ಸಾವಿರಾರು ಯಂತ್ರಗಳನ್ನು ಕೂರಿಸಿಬಿಟ್ಟಿತು. ಮೂರು ವರ್ಷದ ಪ್ರೊಬೇಶನ್, 400 ಗಂಟೆ ಸಮಾಜಸೇವೆ, 10,050 ಡಾಲರ್ ದಂಡ. ಜೈಲು ಇಲ್ಲ.

ಪ್ರಶ್ನೆ: ಹುಡುಗರ ಬಂಡಾಯವನ್ನು ನಮ್ಮ ರಾಮಾಚಾರಿಯೇ ತೋರಿಸಿ ಆಗಿದೆ. ಈ ಕಂಪ್ಯೂಟರ್ ಹುಡುಗರಲ್ಲಿ ಹೊಸತೇನಿದೆ? (ನಿವೃತ್ತ ಶಿಕ್ಷಕರು, ಸೋಮವಾರಪೇಟೆ)

ಮೇಷ್ಟ್ರೇ, ಒಳ್ಳೆಯ ಕಡೆ ಕೈ ಇಟ್ಟಿರಿ. ‘ನಾಗರಹಾವು’ (1972) ಚಿತ್ರದ ರಾಮಾಚಾರಿಗೂ ವಾರ್ ಗೇಮ್ಸ್‌ನ ಡೇವಿಡ್‌ಗೂ ಎದುರಾಳಿ ಒಬ್ಬನೇ: ಪ್ರಿನ್ಸಿಪಾಲ. ರಾಮಾಚಾರಿ ರಾತ್ರಿ ಹೋಗಿ ಕಲ್ಲು ಬೀರುತ್ತಾನೆ, ಪ್ರಿನ್ಸಿಪಾಲರನ್ನು ಕಂಬಕ್ಕೆ ಕಟ್ಟಿಹಾಕುತ್ತಾನೆ. ಊರಿಗೆಲ್ಲ ಗೊತ್ತಾಗಬೇಕು, ಅದೇ ಅವನ ಸೇಡು. ಡೇವಿಡ್ ಸುಮ್ಮನೆ ಬೆಂಚಿನ ಮೇಲೆ ಕೂತು ಚೀಟಿ ಓದಿಕೊಂಡು ಹೋಗಿ, ಮನೆಯಿಂದ ಅಂಕಪಟ್ಟಿ ತಿದ್ದುತ್ತಾನೆ. ಯಾರಿಗೂ ಗೊತ್ತಾಗಬಾರದು, ಅದೇ ಅವನ ಗೆಲುವು. ಡೇವಿಡ್ ಪಾತ್ರ ಮಾಡಿದ ನಟ ಮ್ಯಾಥ್ಯೂ ಬ್ರಾಡರಿಕ್ 1986ರ ‘ಫೆರಿಸ್ ಬ್ಯುಲರ್ಸ್ ಡೇ ಆಫ್’ನಲ್ಲಿ ತನ್ನ ಗೈರುಹಾಜರಿಯ ಲೆಕ್ಕವನ್ನು ಕುಳಿತಲ್ಲೇ ಇಳಿಸುತ್ತಾನೆ. 1955ರ ‘ರೆಬೆಲ್ ವಿದೌಟ್ ಎ ಕಾಸ್’ನ ಜೇಮ್ಸ್ ಡೀನ್ ಕಾರು ಓಡಿಸಿ ಧೈರ್ಯ ತೋರಿಸಬೇಕಿತ್ತು, ಇವರಿಗೆ ಮೈ ಬಳಲಿಸುವ ಹಂಗೇ ಇಲ್ಲ.

ಇನ್ನೊಂದು ವ್ಯತ್ಯಾಸ ನಮಗೆ ಹೆಚ್ಚು ಮುಖ್ಯ ಎನಿಸುತ್ತದೆ. ಇಬ್ಬರಿಗೂ ಒಬ್ಬೊಬ್ಬ ಹಿರಿಯನಿದ್ದಾನೆ. ರಾಮಾಚಾರಿಗೆ ಚಾಮಯ್ಯ ಮೇಷ್ಟ್ರು, ಡೇವಿಡ್‌ಗೆ ಲೋಕ ಬಿಟ್ಟು ಅವಿತು ಕೂತ ವಿಜ್ಞಾನಿ ಫಾಲ್ಕನ್. ರಾಮಾಚಾರಿ ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ಪ್ರೀತಿ ಕಳೆದುಕೊಳ್ಳುತ್ತಾನೆ. ಡೇವಿಡ್ ಹೋಗಿ ಆ ಹಿರಿಯನನ್ನೇ ಬಯ್ದು, ಹುರಿದುಂಬಿಸಿ, ಕೆಲಸಕ್ಕೆ ಎಳೆದು ತರುತ್ತಾನೆ. ಹ್ಯಾಕರ್ ಚಿತ್ರಗಳಲ್ಲಿ ದೊಡ್ಡವರು ಕೆಟ್ಟವರೇನಲ್ಲ, ತಾವೇ ಕಟ್ಟಿದ ಯಂತ್ರ ಅರ್ಥವಾಗದೆ ಕೈಚೆಲ್ಲಿದವರು. ಕಥೆಯಾಗಿ ತೂಗಿದರೆ ನಮ್ಮ ಮತ ಈಗಲೂ ರಾಮಾಚಾರಿಗೇ. ಸೋಲುವ ಬಂಡಾಯಗಾರ ಗೆಲ್ಲುವವನಿಗಿಂತ ಹೆಚ್ಚು ಕಾಲ ನಿಲ್ಲುತ್ತಾನೆ.

ಪ್ರಶ್ನೆ: ಹತ್ತನೇ ತರಗತಿಯ ಮಗ ‘ಹ್ಯಾಕರ್ಸ್’ ಚಿತ್ರ ನೋಡಿದ ಮೇಲೆ ಪಕ್ಕದ ಮನೆಯ ವೈಫೈ ರೂಟರ್ ಒಳಹೊಕ್ಕು ಪಾಸ್‌ವರ್ಡ್ ಬದಲಿಸಿದ್ದಾನೆ. ತಮಾಷೆ ಅನ್ನುತ್ತಾನೆ. ಬಯ್ಯಲೋ, ಕಂಪ್ಯೂಟರ್ ಕಿತ್ತಿಡಲೋ? (ತಾಯಿ, ನಾಪೋಕ್ಲು)

ಮೊದಲು ಪಕ್ಕದ ಮನೆಗೆ ಅವನನ್ನೇ ಕರೆದುಕೊಂಡು ಹೋಗಿ, ಅವನ ಬಾಯಲ್ಲೇ ಹೇಳಿಸಿ. ರೂಟರ್ ಸರಿಮಾಡುವಾಗ ಒಂದು ಎಚ್ಚರ: ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚಿ ರೀಸೆಟ್ ಮಾಡಿದರೆ ಪಾಸ್‌ವರ್ಡ್ ಜೊತೆಗೆ ಇಂಟರ್ನೆಟ್ ಕಂಪನಿಯವರು ತುಂಬಿದ ಬಳಕೆದಾರರ ಹೆಸರು, ಸೆಟ್ಟಿಂಗ್ ಎಲ್ಲ ಅಳಿಸಿಹೋಗಬಹುದು. ಆಗ ಲೈನ್‌ಮ್ಯಾನ್ ಬರುವ ತನಕ ನೆಟ್ ಇಲ್ಲ. ಮಗನಿಗೆ ಹೊಸ ಪಾಸ್‌ವರ್ಡ್ ಗೊತ್ತಿರುವುದರಿಂದ ರೀಸೆಟ್ ಬೇಡ. ಅದರಲ್ಲೇ ಒಳಹೋಗಿ ಮೂರು ಕೆಲಸ ಮಾಡಿಸಿ: ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಬದಲಿಸುವುದು (ಅವನು ನುಗ್ಗಿದ್ದು ಬಹುಶಃ ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್‌ನಿಂದ), ಡಬ್ಲ್ಯುಪಿಎಸ್ (ಗುಂಡಿ ಒತ್ತಿ ಅಥವಾ ಪಿನ್ ಕೊಟ್ಟು ವೈಫೈಗೆ ಸೇರುವ ಸೌಲಭ್ಯ) ಆಫ್ ಮಾಡುವುದು, ವೈಫೈಗೆ ಕನಿಷ್ಠ 12 ಅಕ್ಷರದ ಪಾಸ್‌ವರ್ಡ್ ಇಡುವುದು. ಹೊಸ ಪಾಸ್‌ವರ್ಡನ್ನು ಪಕ್ಕದ ಮನೆಯವರೇ ಟೈಪ್ ಮಾಡಲಿ.

ಕಾನೂನು ತಮಾಷೆ ನೋಡುವುದಿಲ್ಲ ಎಂದೂ ಅವನಿಗೆ ತಿಳಿಯಲಿ. ಅನುಮತಿಯಿಲ್ಲದೆ ಇನ್ನೊಬ್ಬರ ಕಂಪ್ಯೂಟರ್, ನೆಟ್‌ವರ್ಕ್ ಹೊಕ್ಕರೆ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43ನೇ ಕಲಂ ಪ್ರಕಾರ ಪರಿಹಾರ ಕೊಡಬೇಕು. ಮೋಸದ ಉದ್ದೇಶವಿದ್ದರೆ 66ನೇ ಕಲಂ: ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ, ಅಥವಾ ಎರಡೂ. ವಾರ್ ಗೇಮ್ಸ್‌ನ ಹುಡುಗ 18 ದಾಟಿದವರಿಗೆ ಮಾತ್ರ ಜೈಲು ಎಂದು ನಗುತ್ತಾನೆ. ನಮ್ಮಲ್ಲಿ 18ರೊಳಗಿನವರ ಪ್ರಕರಣ ಬಾಲನ್ಯಾಯ ಮಂಡಳಿಗೆ ಹೋಗುತ್ತದೆ. ಹೋಗುವುದೇ ಇಲ್ಲ ಎಂದಲ್ಲ.

ಕಂಪ್ಯೂಟರ್ ಕಿತ್ತಿಡಬೇಡಿ. ‘ಹ್ಯಾಕರ್ಸ್’ ಕಥೆಯಲ್ಲೇ 11 ವರ್ಷದ ಹುಡುಗನಿಗೆ 18 ತುಂಬುವವರೆಗೆ ಕಂಪ್ಯೂಟರ್ ಮುಟ್ಟಬಾರದೆಂದು ಕೋರ್ಟು ಹೇಳುತ್ತದೆ. 18 ತುಂಬಿದ ಕೂಡಲೇ ಅವನು ಮಾಡಿದ್ದು ಅದನ್ನೇ. ಬದಲಿಗೆ ನುಗ್ಗಲೆಂದೇ ಕಟ್ಟಿದ ಜಾಗ ತೋರಿಸಿ.

‘ಓವರ್ ದ ವೈರ್’ ಜಾಲತಾಣದ ‘ಬ್ಯಾಂಡಿಟ್’ ಎಂಬ ಆಟ ಉಚಿತ, ಮೂವತ್ತಕ್ಕೂ ಹೆಚ್ಚು ಹಂತ. ಎಲ್ಲ ಬರೀ ಅಕ್ಷರ, ಆದ್ದರಿಂದ ಮೊಬೈಲ್ ನೆಟ್‌ವರ್ಕ್ ಒಂದೇ ಕಡ್ಡಿ ತೋರಿಸುವ ತೋಟದ ಮನೆಯಲ್ಲೂ ನಡೆಯುತ್ತದೆ. ವಿಂಡೋಸ್ 10 ಅಥವಾ 11ರಲ್ಲಿ ಇದಕ್ಕೆ ಬೇಕಾದ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿನೊಳಗೆ ಹೋಗಿ ಆದೇಶ ಕೊಡುವ ತಂತ್ರಾಂಶ) ಸಾಮಾನ್ಯವಾಗಿ ಮೊದಲೇ ಇರುತ್ತದೆ. ಹೊಸಬರು ಎಡವುವುದು ಮೂರು ಕಡೆ. ಪೋರ್ಟ್ (ಆ ಕಂಪ್ಯೂಟರಿನ ಬಾಗಿಲ ಸಂಖ್ಯೆ) 2220 ಎಂದು ಕೊಡಲು ಮರೆಯುತ್ತಾರೆ, ಒಳಹೋಗಲು ಆಗುವುದಿಲ್ಲ. ಪಾಸ್‌ವರ್ಡ್ ಒತ್ತುವಾಗ ಪರದೆಯ ಮೇಲೆ ಚುಕ್ಕಿಯೂ ಮೂಡದ್ದರಿಂದ ಕೀಬೋರ್ಡ್ ಕೆಟ್ಟಿತು ಎಂದುಕೊಳ್ಳುತ್ತಾರೆ. ಅದು ಹಾಗೆಯೇ ಇರುವುದು, ಒತ್ತಿ ಎಂಟರ್ ಕೊಡಬೇಕು. ಮುಂದಿನ ಹಂತದಲ್ಲಿ ಕಡತದ ಹೆಸರೇ ಒಂದು ಅಡ್ಡಗೆರೆ. ಹಾಗೇ ತೆರೆಯಹೋದರೆ ಕಂಪ್ಯೂಟರ್ ಅದನ್ನು ಹೆಸರೆಂದು ತಿಳಿಯದೆ, ನೀವು ಏನೋ ಟೈಪ್ ಮಾಡುತ್ತೀರೆಂದು ಕಾಯುತ್ತ ಕೂರುತ್ತದೆ. ಹೆಸರಿಗೆ ಮೊದಲು ಚುಕ್ಕಿ ಮತ್ತು ಓರೆಗೆರೆ ಸೇರಿಸಿ ‘ಈ ಫೋಲ್ಡರಿನಲ್ಲಿರುವುದು’ ಎಂದು ತಿಳಿಸಬೇಕು. ಇದಾದ ಮೇಲೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ‘ಪಿಕೊ ಸಿಟಿಎಫ್’ ಇದೆ, ಅದೂ ಉಚಿತ, ಶಾಲಾ ಮಕ್ಕಳಿಗೆಂದೇ ಮಾಡಿದ್ದು.

ಇನ್ನೂ ಮುಂದೆ ಹೋಗುವ ಹುಮ್ಮಸ್ಸಿದ್ದರೆ 8 ಜಿಬಿ ರ‍್ಯಾಮ್ ಇರುವ ಕಂಪ್ಯೂಟರಿನಲ್ಲಿ ವರ್ಚುವಲ್ ಬಾಕ್ಸ್ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ತಂತ್ರಾಂಶ) ಹಾಕಿ ಎರಡು ಯಂತ್ರ ಮಾಡಿಕೊಳ್ಳಲಿ: 2 ಜಿಬಿ ಕೊಟ್ಟು ನುಗ್ಗುವ ಉಪಕರಣಗಳಿರುವ ಕಾಲಿ ಲಿನಕ್ಸ್, 1 ಜಿಬಿ ಕೊಟ್ಟು ಮೆಟಾಸ್ಪ್ಲಾಯ್ಟಬಲ್ 2. ಎರಡನೆಯದು ಬೇಕೆಂದೇ ತೂತುಗಳಿಂದ ಮಾಡಿದ ಯಂತ್ರ, ಅದನ್ನು ಯಾವತ್ತೂ ಇಂಟರ್ನೆಟ್‌ಗೆ ಒಡ್ಡಬಾರದು. ನೆಟ್‌ವರ್ಕ್ ಆಯ್ಕೆಯಲ್ಲಿ ‘ಹೋಸ್ಟ್ ಓನ್ಲಿ’ (ಆ ಕಂಪ್ಯೂಟರಿನೊಳಗೇ ಸಂಪರ್ಕ) ಇರಬೇಕು, ‘ಬ್ರಿಡ್ಜ್ಡ್’ (ಮನೆಯ ನೆಟ್‌ವರ್ಕಿಗೆ ನೇರ ಸಂಪರ್ಕ) ಬೇಡವೇ ಬೇಡ. ಕಾಲಿಯನ್ನು ಮೊದಲು ಅಪ್‌ಡೇಟ್ ಮಾಡಿಕೊಂಡು ಆಮೇಲೆ ಹೋಸ್ಟ್ ಓನ್ಲಿಗೆ ಬದಲಿಸಬೇಕು, ಇಲ್ಲದಿದ್ದರೆ ಅಪ್‌ಡೇಟ್‌ಗೆ ದಾರಿಯೇ ಇರುವುದಿಲ್ಲ. ಯಂತ್ರ ಏಳುವುದೇ ಇಲ್ಲವೆಂದರೆ ಬಯಾಸ್‌ನಲ್ಲಿ (ಕಂಪ್ಯೂಟರ್ ಏಳುವಾಗ ತೆರೆಯುವ ಮೂಲ ಸೆಟ್ಟಿಂಗ್) ವರ್ಚುವಲೈಸೇಶನ್ ಆಫ್ ಆಗಿರಬಹುದು. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಕಡ್ಡಾಯ: ಜುಲೈ ತಿಂಗಳ ಗಾಳಿಗೆ ಮರ ಬಿದ್ದು ಕರೆಂಟ್ ಹೋದಾಗ ಓಡುತ್ತಿದ್ದ ವರ್ಚುವಲ್ ಡಿಸ್ಕ್ ಕೆಡಬಹುದು. ಕೆಲಸಕ್ಕೆ ಮೊದಲು ಸ್ನ್ಯಾಪ್‌ಶಾಟ್ (ಯಂತ್ರದ ಆಗಿನ ಸ್ಥಿತಿಯ ಪ್ರತಿ) ತೆಗೆದಿದ್ದರೆ ಒಂದು ನಿಮಿಷದಲ್ಲಿ ಹಿಂದಕ್ಕೆ ಹೋಗಬಹುದು.

ಮುಂದೊಂದು ದಿನ ಅವನಿಗೆ ಯಾವುದೋ ಸರ್ಕಾರಿ ಜಾಲತಾಣದಲ್ಲಿ ದೋಷ ಕಂಡರೆ ಅಲ್ಲೇ ನಿಲ್ಲಿಸಿ ಕೇಂದ್ರ ಸರ್ಕಾರದ ಸೈಬರ್ ಭದ್ರತೆಯ ಸರ್ಟ್-ಇನ್ ಸಂಸ್ಥೆಗೆ ಬರೆಯಬೇಕು. ‘ನಿಜವೋ ನೋಡೋಣ’ ಎಂದು ಮಾಹಿತಿ ಇಳಿಸಿಕೊಳ್ಳಬಾರದು. ಎಷ್ಟೋ ಹುಡುಗರು ಸಿಕ್ಕಿಬೀಳುವುದು ಆ ಎರಡನೇ ಹೆಜ್ಜೆಯಲ್ಲಿ.

ಪ್ರಶ್ನೆ: ಇಂಥ ಚಿತ್ರಗಳಲ್ಲಿ ಹುಡುಗಿಯರು ಎಲ್ಲಿ? (ಶನಿವಾರಸಂತೆ)

ಹೆಚ್ಚಾಗಿ ಹುಡುಗನ ಹೆಗಲ ಹಿಂದೆ ನಿಂತು ‘ಇದೇನು?’ ಎಂದು ಕೇಳುತ್ತಾರೆ, ನಮಗೆ ವಿವರಿಸಲು ಚಿತ್ರಕಥೆಗಾರನಿಗೆ ಒಂದು ನೆಪ. ಎರಡು ಹೆಸರು ಮಾತ್ರ ಬೇರೆ. ‘ಹ್ಯಾಕರ್ಸ್’ನಲ್ಲಿ ಏಂಜಲಿನಾ ಜೋಲಿಯ ಪಾತ್ರ ನಾಯಕನಿಗೆ ಸರಿಸಮ ಎದುರಾಳಿ. ‘ಜುರಾಸಿಕ್ ಪಾರ್ಕ್’ (1993) ಚಿತ್ರದ ಲೆಕ್ಸ್ ಎಂಬ ಹುಡುಗಿ ಯುನಿಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯನ್ನು ಗುರುತಿಸಿ ಬಾಗಿಲು ಭದ್ರಪಡಿಸುತ್ತಾಳೆ. ಪರದೆಯ ಮೇಲೆ ಪೆಟ್ಟಿಗೆಗಳ ನಡುವೆ ಹಾರಿಹೋಗುವ ಆ ದೃಶ್ಯ ನೋಡಿ ಬಲ್ಲವರು ನಕ್ಕಿದ್ದರು. ನಗಬೇಕಿರಲಿಲ್ಲ, ಅದು ಸಿಲಿಕಾನ್ ಗ್ರಾಫಿಕ್ಸ್ ಕಂಪನಿ ನಿಜವಾಗಿ ಮಾಡಿದ್ದ ಕಡತ ನೋಡುವ ತಂತ್ರಾಂಶ.

ಪ್ರಶ್ನೆ: ಕಾಲೇಜಿನಲ್ಲಿ ಆಗಸ್ಟ್ ತಿಂಗಳಲ್ಲಿ ಒಂದು ಚಿತ್ರ ತೋರಿಸಬೇಕೆಂದಿದ್ದೇವೆ. ಯಾವುದು? ಅನುಮತಿ, ಪ್ರೊಜೆಕ್ಟರ್ ಬಗ್ಗೆಯೂ ತಿಳಿಸಿ. (ಗೋಣಿಕೊಪ್ಪಲು)

ಒಂದೇ ಎಂದರೆ ಮಮೊರು ಹೊಸೊಡಾ ನಿರ್ದೇಶನದ ಜಪಾನಿ ಅನಿಮೇಶನ್ ‘ಸಮ್ಮರ್ ವಾರ್ಸ್’ (2009), 114 ನಿಮಿಷ. ಅಜ್ಜಿಯ 90ನೇ ಹುಟ್ಟುಹಬ್ಬಕ್ಕೆ ಇಡೀ ಕುಟುಂಬ ಮೂಲಮನೆಯಲ್ಲಿ ಸೇರಿದೆ. ಆ ಮನೆಗೆ ಬಂದ ಹುಡುಗನ ಮೇಲೆ ಜಗತ್ತಿನ ಜಾಲವನ್ನೇ ಕೆಡಿಸಿದ ಆರೋಪ ಬರುತ್ತದೆ. ಐನ್‌ಮನೆಯಲ್ಲಿ (ಕೊಡವರ ಮೂಲಮನೆ) ಒಕ್ಕದ, ಅಂದರೆ ಮನೆತನದ ಜನ ಸೇರಿದಾಗಿನ ಗದ್ದಲ ಕಂಡವರಿಗೆ ವಿವರಣೆ ಬೇಕಿಲ್ಲ. ಇಲ್ಲಿ ಬಂಡಾಯ ಮನೆಯ ವಿರುದ್ಧವಲ್ಲ, ಮನೆಯವರ ಜೊತೆ ಸೇರಿ. ತಾಂತ್ರಿಕವಾಗಿಯೂ ಒಂದು ಸೊಗಸಾದ ತಪ್ಪು ನಡೆಯುತ್ತದೆ: ಸೂಪರ್ ಕಂಪ್ಯೂಟರ್ ತಂಪಾಗಿಡಲು ಜೋಡಿಸಿದ್ದ ಮಂಜುಗಡ್ಡೆಯನ್ನು ಯಾರೋ ಮನೆಯವರೇ ಬೇರೆ ಕೆಲಸಕ್ಕೆ ಎತ್ತಿಕೊಂಡು ಹೋಗುತ್ತಾರೆ. ಯಂತ್ರ ಬಿಸಿಯಾಗಿ ಕೈಕೊಡುತ್ತದೆ.

ಹಕ್ಕುಸ್ವಾಮ್ಯ ಕಾಯ್ದೆ 1957ರ 52ನೇ ಕಲಂನಲ್ಲಿ ಶಿಕ್ಷಣ ಸಂಸ್ಥೆಗೆ ವಿನಾಯಿತಿ ಇದೆ. ನೋಡುವವರು ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರು, ಸಂಸ್ಥೆಯ ಕೆಲಸಕ್ಕೆ ಸಂಬಂಧಪಟ್ಟವರು ಇಷ್ಟೇ ಆಗಿರಬೇಕು. ಊರವರಿಗೆಲ್ಲ ಬ್ಯಾನರ್ ಕಟ್ಟಿ ಕರೆದರೆ ವಿನಾಯಿತಿ ಹೋಯಿತು. ಕೊಂಡ ಡಿಸ್ಕ್ ಬಳಸಿ. ಒಟಿಟಿ ಖಾತೆಗಳ ಷರತ್ತು ಸಾಮಾನ್ಯವಾಗಿ ಮನೆಯ ಬಳಕೆಗೆ ಸೀಮಿತ.

100 ಇಂಚಿನ (ಮೂಲೆಯಿಂದ ಎದುರು ಮೂಲೆಗೆ) 16:9 ಪರದೆ ಎಂದರೆ 221 ಸೆಂ.ಮೀ. ಅಗಲ. ಪ್ರೊಜೆಕ್ಟರ್‌ನ ಥ್ರೋ ಅನುಪಾತ (ಪರದೆಯ ಅಗಲದ ಎಷ್ಟು ಪಟ್ಟು ದೂರ ಬೇಕೆಂಬುದು) 1.5 ಇದ್ದರೆ 3.3 ಮೀಟರ್ ದೂರದಲ್ಲಿಡಿ. ಕಿಟಕಿಗೆ ಕಪ್ಪು ಬಟ್ಟೆ ಹಾಕಿದರೆ 3,000 ಲ್ಯೂಮೆನ್ ಬೆಳಕು ಸಾಕು. ದೀಪದ ಪ್ರೊಜೆಕ್ಟರ್‌ಗೆ ತಟ್ಟನೆ ಕರೆಂಟ್ ಹೋದರೆ ಫ್ಯಾನ್ ನಿಂತು ಬಿಸಿ ದೀಪ ಹಾಳಾಗಬಹುದು, ಆದ್ದರಿಂದ ಇನ್ವರ್ಟರ್ ಬೇಕೇ ಬೇಕು. ಪ್ರೊಜೆಕ್ಟರ್, ಲ್ಯಾಪ್‌ಟಾಪ್, ಸ್ಪೀಕರ್ ಸೇರಿ 400 ವ್ಯಾಟ್ ಎಂದುಕೊಂಡರೆ 12 ವೋಲ್ಟ್‌ನ 150 ಎಎಚ್ ಬ್ಯಾಟರಿ, ಹೊಸದಾದರೆ, ಎರಡೂವರೆಯಿಂದ ಮೂರು ಗಂಟೆ ಎಳೆಯುತ್ತದೆ. ಹಳೆಯದನ್ನು ನಂಬಬೇಡಿ, ಹಿಂದಿನ ದಿನ ಪೂರ್ತಿ ಚಿತ್ರ ಓಡಿಸಿ ನೋಡಿ. ತಣ್ಣನೆಯ ಕೋಣೆಯಿಂದ ತಂದ ಯಂತ್ರವನ್ನು ಅರ್ಧ ಗಂಟೆ ಸುಮ್ಮನಿಟ್ಟು ಆನ್ ಮಾಡಿ, ಲೆನ್ಸ್ ಮೇಲೆ ನೀರಾವಿ ಕೂತಿರುತ್ತದೆ. ಶೀಟಿನ ಮಾಡಿನ ಸಭಾಂಗಣವಾದರೆ ಮಳೆ ಶುರುವಾದ ಕ್ಷಣದಿಂದ ಮಾತು ಕೇಳಿಸದು. ಇಂಗ್ಲಿಷ್ ಸಬ್‌ಟೈಟಲ್ ಮೊದಲಿನಿಂದಲೇ ಹಾಕಿಡಿ, ಕಥೆಯ ಒಂದು ಪುಟದ ಕನ್ನಡ ಸಾರಾಂಶ ಹಂಚಿ.

ಪ್ರಶ್ನೆ: ಹ್ಯಾಕರ್ ಹುಡುಗನ ಬಗ್ಗೆ ಹತ್ತು ನಿಮಿಷದ ಕಿರುಚಿತ್ರ ಮಾಡುತ್ತಿದ್ದೇವೆ, ಮೊಬೈಲಿನಲ್ಲೇ. ಮಾನಿಟರ್ ಚಿತ್ರೀಕರಿಸಿದರೆ ಪಟ್ಟೆ ಪಟ್ಟೆ ಬರುತ್ತದೆ. (ಗೆಳೆಯರ ತಂಡ, ಕುಶಾಲನಗರ)

ಪಟ್ಟೆಗೆ ಎರಡು ಕಾರಣ. ನಮ್ಮ ವಿದ್ಯುತ್ 50 ಹರ್ಟ್ಸ್, ಮಾನಿಟರ್ ಸಾಮಾನ್ಯವಾಗಿ 60. ಮಾನಿಟರನ್ನು 50ಕ್ಕೆ ಇಳಿಸಲು ಬಂದರೆ ಇಳಿಸಿ, ಮೊಬೈಲಿನ ಪ್ರೊ ಮೋಡ್‌ನಲ್ಲಿ ಶಟರ್ 1/50, ಸೆಕೆಂಡಿಗೆ 25 ಫ್ರೇಮ್ ಇಡಿ. ಇಳಿಸಲು ಬರದಿದ್ದರೆ ಶಟರ್ 1/60 ಇಟ್ಟು ಕೋಣೆಯ ಬಲ್ಬುಗಳನ್ನು ಆರಿಸಿ, ಇಲ್ಲದಿದ್ದರೆ ಅವು ಮಿನುಗುತ್ತವೆ. ಎರಡನೆಯದು, ಮಾನಿಟರ್‌ನ ಬೆಳಕು ತಗ್ಗಿಸಿದಾಗ ಎಷ್ಟೋ ಮಾನಿಟರ್‌ಗಳು ದೀಪವನ್ನು ವೇಗವಾಗಿ ಆರಿಸಿ ಹೊತ್ತಿಸಿ ಮಂದ ಮಾಡುತ್ತವೆ. ಬೆಳಕನ್ನು ಪೂರ್ತಿ ಏರಿಸಿ, ಪರದೆಯ ಹಿನ್ನೆಲೆಯನ್ನು ಕಪ್ಪು ಮಾಡಿ. ಅಲೆಅಲೆಯಾದ ಗೆರೆ ಬಂದರೆ ಅದು ಬೇರೆ ತೊಂದರೆ, ಕೋನ ಸ್ವಲ್ಪ ಬದಲಿಸಿ ಅಥವಾ ಫೋಕಸ್ ಕೂದಲೆಳೆಯಷ್ಟು ಸರಿಸಿ.

ನಟ ನಿಜವಾಗಿ ಟೈಪ್ ಮಾಡುವುದು ಬೇಡ. ಮೊದಲೇ ಸ್ಕ್ರೀನ್ ರೆಕಾರ್ಡ್ ಮಾಡಿ ಪೂರ್ತಿ ಪರದೆಗೆ ಓಡಿಸಿ, ಅವನು ಕೀಲಿಗಳನ್ನು ಕುಟ್ಟಲಿ. ಅಕ್ಷರ 24 ಪಾಯಿಂಟ್‌ಗಿಂತ ಸಣ್ಣದಿದ್ದರೆ ಮೊಬೈಲಿನಲ್ಲಿ ನೋಡುವವರಿಗೆ ಕಾಣದು. ಮುಖದ ಮೇಲೆ ಅಕ್ಷರ ಹರಿಯುವ ಶೈಲಿ ಬೇಕಾದರೆ ಪ್ರೊಜೆಕ್ಟರನ್ನೇ ಮುಖಕ್ಕೆ ಹಿಡಿಯಬೇಕು. ಲೆನ್ಸ್ ಇಲ್ಲದ ಮಾನಿಟರ್ ಬರೀ ನೀಲಿ ಬೆಳಕು ಚೆಲ್ಲುತ್ತದೆ.

ಪರದೆಯಲ್ಲಿ ಏನು ತೋರಿಸಬೇಕು? ‘ಮ್ಯಾಟ್ರಿಕ್ಸ್ ರೀಲೋಡೆಡ್’ (2003) ಚಿತ್ರದಲ್ಲಿ ಟ್ರಿನಿಟಿ ಬಳಸುವುದು ಎನ್‌ಮ್ಯಾಪ್ ಎಂಬ, ನೆಟ್‌ವರ್ಕಿನ ಯಂತ್ರಗಳನ್ನು ತಡಕಿ ನೋಡುವ ನಿಜವಾದ ಉಚಿತ ತಂತ್ರಾಂಶ. ತಲೆಬುರುಡೆ ಕುಣಿಸುವುದಕ್ಕಿಂತ ಅದು ಅಗ್ಗ, ಬಲ್ಲವರು ಖುಷಿಪಡುತ್ತಾರೆ. ಇಂಟರ್ನೆಟ್‌ನಲ್ಲಿ ಕಂಪ್ಯೂಟರಿನ ವಿಳಾಸ (ಐಪಿ) ತೋರಿಸುವಾಗ ಯಾರದೋ ನಿಜವಾದದ್ದು ಬೇಡ. 192.0.2, 198.51.100, 203.0.113 ಎಂದು ಶುರುವಾಗುವ ವಿಳಾಸಗಳನ್ನು ಉದಾಹರಣೆಗೆಂದೇ ತೆಗೆದಿಟ್ಟಿದ್ದಾರೆ, ಕೊನೆಗೆ 1ರಿಂದ 254ರೊಳಗಿನ ಒಂದು ಸಂಖ್ಯೆ ಸೇರಿಸಿ. ಹಾಲಿವುಡ್‌ನಲ್ಲಿ 255 ಮೀರಿದ ಸಂಖ್ಯೆ ಹಾಕುವ ಚಾಳಿ ಇದೆ. ಅಂಥ ವಿಳಾಸ ಇರಲಾರದು, ಆದ್ದರಿಂದ ಸುರಕ್ಷಿತವೇನೋ ಹೌದು, ಗೊತ್ತಿದ್ದವರು ಅಲ್ಲೇ ಕಥೆಯಿಂದ ಹೊರಬೀಳುತ್ತಾರೆ. ಜಾಲತಾಣಕ್ಕೆ ‘ಎಕ್ಸಾಂಪಲ್ ಡಾಟ್ ಕಾಂ’ ಮೀಸಲಾಗಿದೆ. ಫೋನ್ ನಂಬರಾದರೆ ಕೊನೆಯ ನಾಲ್ಕು ಅಂಕಿ ಫ್ರೇಮಿನಾಚೆ ಇರಲಿ.

ಮಳೆಯಲ್ಲಿ ಚಿತ್ರೀಕರಿಸಿದರೆ ಇನ್ನೊಂದು ಕಷ್ಟ: ಒಂದು ಶಾಟಿಗೆ ಜೋರು ಮಳೆ, ಮುಂದಿನದಕ್ಕೆ ಜಿಟಿಜಿಟಿ, ಎಡಿಟ್ ಮಾಡಿದಾಗ ಪ್ರತಿ ಕಟ್ಟೂ ಕಿವಿಗೆ ಬಡಿಯುತ್ತದೆ. ಒಂದೇ ಹದದ ಮಳೆಯನ್ನು ಜಗಲಿಯಲ್ಲಿ ನಿಂತು ಮೂರು ನಿಮಿಷ ಬೇರೆಯಾಗಿ ರೆಕಾರ್ಡ್ ಮಾಡಿಕೊಂಡು ಇಡೀ ದೃಶ್ಯದ ಅಡಿಗೆ ಹಾಸಿ. ಮಾತುಗಳನ್ನು ಮಳೆ ಬಿಟ್ಟಾಗ, ಮೊಬೈಲನ್ನು ಬಾಯಿಗೆ ಒಂದು ಗೇಣು ದೂರ ಹಿಡಿದು ಮತ್ತೆ ಹೇಳಿಸಿ.